ಬ್ಯಾಡ ಅನ್ನುವ ಸುತ್ತಿಗೆ

ತಿಕೋಟಾದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಒಣದ್ರಾಕ್ಷಿ ಶೆಡ್ಡಿನಿಂದ ಹೊರಗೆ ನೂಕಿ ನಿಲ್ಲಿಸಿದ ಹಳೆಯ ಸ್ಟೇಷನ್ ವ್ಯಾಗನ್ನಿನ ಬದಿಗೆ ಕೆನ್ನೆ ಹಚ್ಚಿ ಬಂದೇನವಾಜ ಒಂದೇ ಕಣ್ಣಿನಿಂದ ನೋಡುತ್ತಿದ್ದಾರೆ. ಎಳೆಬಿಸಿಲು ಓರೆಯಾಗಿ ಬಿದ್ದಾಗಲೇ ತಗಡಿನ ಉಬ್ಬುತಗ್ಗು ಕಾಣುವುದು. ಹೊತ್ತೇರಿದ ಮೇಲೆ ಎಲ್ಲ ಗಾಡಿಯೂ ಹೊಸದೇ. ಅದಕ್ಕೇ ಯಾರು ಕರೆದರೂ ಅವರು ಸೊಲ್ಲಾಪುರ ರಸ್ತೆಯ ಬೋರ್ಡಿಲ್ಲದ ಅಂಗಡಿಯಿಂದ ನಸುಕಿನಲ್ಲೇ ಹೊರಡುತ್ತಾರೆ, ಕೈಯಲ್ಲಿ ಗೇಣುದ್ದದ ಸುತ್ತಿಗೆ ಹಿಡಿದು.

ಗಾಡಿಗಳ ತಗಡು ಬಡಿದು ನೆಟ್ಟಗೆ ಮಾಡುವ ಈ ಮಿಸ್ತ್ರಿಗೆ ಐವತ್ತೆರಡು ವರ್ಷ. ಬಡಿದೂ ಬಡಿದೂ ಎಡಗಿವಿ ಹೋಗಿದೆ. ಎಲ್ಲಿ ತಗಡು, ಎಲ್ಲಿ ಬರೀ ತೂತು ಮುಚ್ಚಲು ಮೆತ್ತಿದ ಪುಟ್ಟಿ ಎಂಬುದನ್ನು ಬಲಗಿವಿಯೊಂದೇ ಹೇಳುತ್ತದೆ. "ಸುಮ್ನ ಒಂದೀಟ ನೋಡಿ ಹೇಳ್ರಿ" ಎಂದು ಜನ ಎಳೆದೊಯ್ಯುತ್ತಾರೆ. ನೋಡಿದ್ದಕ್ಕೆ ಸಿಗುವುದು ಚಹಾ. ಈ ವರ್ಷ ನೋಡಿದ್ದು ಇಪ್ಪತ್ತಮೂರು ಗಾಡಿ, ಬೇಡವೆಂದದ್ದು ಹತ್ತೊಂಬತ್ತು. ಅದರಲ್ಲಿ ಹನ್ನೊಂದು ಮಂದಿ ಅವರ ಮಾತು ಕೇಳದೆ ಕೊಂಡು, ತಗೋರಿ ಎಂದ ಬೇರೆ ಮಿಸ್ತ್ರಿಗೆ ಕೆಲಸ ಕೊಟ್ಟರು. ಕೇಳುವುದಿಲ್ಲವೆಂದ ಮೇಲೆ ಕರೆಯುವುದಾದರೂ ಯಾಕೆ?

ಇವತ್ತು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಬಂದವರು ಬ್ಯಾಂಕ್ ಅಧಿಕಾರಿ ಸುಶೀಲೇಂದ್ರ. ಹಿಂದೆ ಬಾಗಿಲಿರುವ ಈ ಉದ್ದನೆಯ ಗಾಡಿಯನ್ನು ಕೊಂಡು ಹೊಸದರಂತೆ ಮಾಡಿಸುವ ಹುಚ್ಚು ಅವರಿಗೆ. ದಾರಿಯುದ್ದಕ್ಕೂ ಯಾವ ಬಣ್ಣ ಹೊಡೆಸಲಿ ಎಂಬ ಮಾತೇ. ಮಿಸ್ತ್ರಿ ಹೂಂ ಅಂದರೆ ಆರು ತಿಂಗಳ ಕೆಲಸ ಅವರಿಗೇ ಎಂದೂ ಹೇಳಿದ್ದಾರೆ. ಎರಡು ವಾರದಿಂದ ಮಿಸ್ತ್ರಿಯ ಅಂಗಡಿ ಖಾಲಿ.

"ಹನ್ನೊಂದು ವರ್ಷ ಆತ್ರಿ, ಇದರ ಮ್ಯಾಲ ಒಂದ್ ಹನಿ ಮಳಿ ಬಿದ್ದಿಲ್ಲ" ಎನ್ನುತ್ತಾರೆ ಮಾರಲು ನಿಂತ ಶೆಡ್ಡಿನ ಮಾಲೀಕ ಶಿವಶರಣಪ್ಪ. ನಿಜವೇ. ಆದರೆ ದ್ರಾಕ್ಷಿಗೆ ಹಳದಿ ಬಣ್ಣ ಬರಲೆಂದು ಪಕ್ಕದ ಕೋಣೆಯಲ್ಲಿ ವರ್ಷವರ್ಷವೂ ಗಂಧಕದ ಹೊಗೆ ಹಾಕಿದ್ದಾರೆ. ಮಳೆ ಮಾಡದ ಕೆಲಸವನ್ನು ಆ ಹೊಗೆ ಮಾಡಿದೆ. ಬಂದೇನವಾಜ ಗಾಡಿಯಡಿ ತೂರಿ ಮೆಲ್ಲಗೆ ತಟ್ಟುತ್ತಾರೆ. ಟಣ್ ಎನ್ನಬೇಕಾದದ್ದು ಡಬ್ ಎನ್ನುತ್ತದೆ. ಮೂರನೇ ಏಟಿಗೆ ಸುತ್ತಿಗೆ ಒಳಗೇ ಹೋಗುತ್ತದೆ.

"ಬ್ಯಾಡ್ರಿ ಸಾಹೇಬ್ರ. ಹೊಸಾ ತಗಡ ಹಚ್ಚಬೇಕಂದ್ರ ಹಿಡಕೊಳ್ಳಾಕ ಕೆಳಗ ಏನೂ ಉಳದಿಲ್ಲ. ನಾಳೆ ಇದರಾಗ ಮಕ್ಕಳನ್ನ ಕುಂಡ್ರಸ್ತೀರಿ."

"ಕೆಲಸ ಮಾಡ್ಲಿಕ್ಕೆ ಬ್ಯಾಸರ ಅನ್ರಿ ಮಿಸ್ತ್ರಿ. ಗಾಡ್ಯಾಗ ಯಾಕ ತಪ್ಪ ಹುಡುಕ್ತೀರಿ?" ಎನ್ನುತ್ತಾರೆ ಸುಶೀಲೇಂದ್ರ.

ಬಂದೇನವಾಜ ಅಡಿಯಿಂದ ಉದುರಿದ ತುಕ್ಕಿನ ಪುಡಿಯನ್ನು ಅವರ ಅಂಗೈಗೆ ಸುರಿಯುತ್ತಾರೆ. ಸುಶೀಲೇಂದ್ರ ಅದನ್ನೇ ನೋಡುತ್ತ ನಿಲ್ಲುತ್ತಾರೆ. ಆಮೇಲೆ ಕೈ ಕೊಡವಿ, ಗಾಡಿಗೆಂದು ತಂದಿದ್ದ ಮುಂಗಡದ ಲಕೋಟೆಯನ್ನು ಮತ್ತೆ ಕಿಸೆಗಿಟ್ಟು, ಕಾರಿನ ಬಾಗಿಲು ದಡಾರನೆ ಹಾಕಿಕೊಂಡು ಒಬ್ಬರೇ ಹೊರಟುಹೋಗುತ್ತಾರೆ. ಶಿವಶರಣಪ್ಪನವರ ಚಹಾವೂ ಇಲ್ಲ.

ಬಸ್ ನಿಲ್ದಾಣದಲ್ಲಿ ಒಂದು ತಾಸು. ಕಥೆ ಕೇಳಿದ ಪಕ್ಕದ ಪ್ರಯಾಣಿಕರು ಸಿಟ್ಟು ಬರುವುದಿಲ್ಲವೇ ಎಂದರೆ, "ಬರದ ಇರ್ತದೇನ್ರಿ? ಆದ್ರ ಗಾಡಿ ತಗೊಳ್ಳಲಿಲ್ಲಲ್ಲ" ಎಂದು ಸುತ್ತಿಗೆಗಂಟಿದ ತುಕ್ಕನ್ನು ಲುಂಗಿಗೆ ಒರೆಸುತ್ತಾರೆ.

ಬಸ್ ಹತ್ತುವಾಗ ಫೋನ್. ಸುಶೀಲೇಂದ್ರರೇ. ಬಬಲೇಶ್ವರದಲ್ಲಿ ಇಂಥದೇ ಇನ್ನೊಂದು ವ್ಯಾಗನ್ ಇದೆಯಂತೆ, ನಾಳೆ ನಸುಕಿಗೆ ಬರುತ್ತೀರಾ ಎಂದು ಕೇಳುತ್ತಾರೆ. ಬಂದೇನವಾಜ ಫೋನನ್ನು ಬಲಗಿವಿಗೆ ಒತ್ತಿ ಹಿಡಿಯುತ್ತಾರೆ.

"ಬರತೀನ್ರಿ ಸಾಹೇಬ್ರ. ಆದ್ರ ನಾ ಬ್ಯಾಡ ಅಂದ್ರೂ, ಹೊಳ್ಳಿ ಬರೂವಾಗ ನನ್ನೂ ಕುಂಡ್ರಸ್ಕೊಂಡ ಬರ್ರಿ."