ಮೂಲಾ ನಕ್ಷತ್ರದ ಪ್ರಮೇಯ

ಹನುಮಂತನಗರದ ನಮ್ಮ ಮನೆಯ ಹಿತ್ತಲ ಗೋಡೆಯ ಮೇಲೆ ಕಾಗೆ ಕೂತು ಕೂಗಿತೆಂದರೆ ಅಮ್ಮ ಅನ್ನಕ್ಕೆ ಇನ್ನೊಂದು ಹಿಡಿ ಅಕ್ಕಿ ಹಾಕುತ್ತಿದ್ದಳು. ಕಾಗೆ ಕೂಗಿದರೆ ನೆಂಟರು ಬರುತ್ತಾರಲ್ಲ. ಯಾರೂ ಬಾರದ ದಿನ ಉಳಿದ ಅನ್ನ ಚಿತ್ರಾನ್ನವಾಗುತ್ತಿತ್ತೇ ಹೊರತು ಕಾಗೆಯ ಮೇಲಿನ ಭರವಸೆ ಒಂದು ಅಗುಳಿನಷ್ಟೂ ತಗ್ಗುತ್ತಿರಲಿಲ್ಲ. ಇನ್ನು ಕಾಗೆಯ ಸುಳಿವಿಲ್ಲದೆ ನೆಂಟರು ಬಂದು ಜಗಲಿಯಲ್ಲಿ ಕೂತರೋ, 'ಕೂಗಿರತ್ತೆ ಬಿಡು, ಒಗ್ಗರಣೆ ಸದ್ದಲ್ಲಿ ನಮಗೆ ಕೇಳ್ಸಿಲ್ಲ' ಎಂದುಬಿಡುತ್ತಿದ್ದಳು. ಮಿತ್ರರೇ, ತರ್ಕಶಾಸ್ತ್ರಕ್ಕೆ ನಮ್ಮ ಮನೆತನದ ಕೊಡುಗೆ ಇಷ್ಟು.

ಇಂಥ ಮನೆಯಿಂದ ಹೋಗಿ, ಐವತ್ತರ ದಶಕದ ಕೊನೆಯಲ್ಲಿ ನಾನು ಎರಡು ಜಡೆ ಹಾಕಿಕೊಂಡು ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಯಲು ಕೂತೆ. ನಮ್ಮ ಗಣಿತದ ಮೇಷ್ಟ್ರು ಜರಿ ಪೇಟದವರು, 'ಆದರೆ' 'ಆಗ' ಎಂಬೆರಡು ಮಾತುಗಳ ನಡುವೆ ಇರುವೆಯನ್ನೂ ನುಸುಳಗೊಡದವರು. ಚೌಕವಾದರೆ ನಾಲ್ಕೂ ಲಂಬಕೋನ, ಸರಿ. ನಾಲ್ಕೂ ಲಂಬಕೋನವಾದ ಮಾತ್ರಕ್ಕೆ ಚೌಕವೆಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಏಕೆಂದರೆ ಅದು ಬರಿಯ ಆಯತವೂ ಆಗಿರಬಹುದು. 'ಯಾರೋ ಹೇಳಿದ್ರು ಅಂತ ಒಪ್ಪಬೇಡಿ, ಸಾಧನೆ ಎಲ್ಲಿ ಅಂತ ಕೇಳಿ' ಎಂಬುದು ಅವರ ವೇದವಾಕ್ಯ. ನಾನು ಆ ಮಾತನ್ನು ಪೂರ್ತಿ ನಂಬಿದ್ದೆ.

ಈ ಮೇಷ್ಟ್ರೇ ತಮ್ಮ ಮಗನಿಗೆ ನಮ್ಮಕ್ಕ ಸರೋಜಳನ್ನು ನೋಡಲು ಬಂದರು. ಅಕ್ಕ ಹಾಡಿದಳು, ಹುಡುಗ ಉಪ್ಪಿಟ್ಟನ್ನು ಮರೆತು ಕೇಳಿದ, ಅಕ್ಕನಿಗೂ ಅವನು ಹಿಡಿಸಿದ್ದು ಅವಳ ಕಿವಿಯ ಕೆಂಪಿನಲ್ಲೇ ಕಾಣುತ್ತಿತ್ತು. ಹೆಣ್ಣನ್ನು ಮೊದಲು ಮೆಚ್ಚಿ ಆಮೇಲೆ ಜಾತಕ ಕೇಳುವಷ್ಟು ಸುಧಾರಿಸಿದವರು ಮೇಷ್ಟ್ರು. ಕೇಳಿದರು. ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ಪ್ರಮೇಯ. ಮೇಷ್ಟ್ರು ಪೇಟ ಸರಿಮಾಡಿಕೊಂಡು ಅಪ್ಪನಿಗೆ, 'ನನಗೇನೂ ಇದರಲ್ಲಿ ನಂಬಿಕೆ ಇಲ್ಲ ಸ್ವಾಮಿ. ಆದ್ರೂ ಸುಮ್ನೆ ಯಾಕೆ?' ಎಂದರು. ಸಾಧನೆ ಎಲ್ಲಿ ಎಂದು ಕೇಳುವ ಆಸೆ ನನ್ನ ಗಂಟಲವರೆಗೆ ಬಂದಿತ್ತು. ಅಮ್ಮ ಕಣ್ಣಲ್ಲೇ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದಳು.

ಅಕ್ಕ ಬಚ್ಚಲುಮನೆಯಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಹಿರಿಯರು ಅಳಲಿಲ್ಲ, ಉಪಾಯ ಕಂಡುಹಿಡಿದರು: ಮಾವನಿಲ್ಲದ ಮನೆ ಹುಡುಕುವುದು! ಆಗ ಪ್ರಮೇಯಕ್ಕೆ ಕೆಲಸವೇ ಇರುವುದಿಲ್ಲವಷ್ಟೆ. ಬಸವನಗುಡಿಯಿಂದ ಹೊಸದಾಗಿ ಏಳುತ್ತಿದ್ದ ಜಯನಗರದವರೆಗೆ ಸೋದರಮಾವ ಸೈಕಲ್ ತುಳಿದ. ಗಂಡಿನ ಗುಣ, ವಿದ್ಯೆ ಎಲ್ಲ ಹಿಂದಾಗಿ ಗಂಡಿನ ತಂದೆಯ ತಿಥಿಯೇ ಮುಖ್ಯವಾಯಿತು. ಯಾರಾದರೂ ಹಿರಿಯರು ಕಾಯಿಲೆ ಬಿದ್ದರೆಂದು ಕೇಳಿದರೆ ನಮ್ಮ ಮನೆಯಲ್ಲಿ ಮರುಕಕ್ಕಿಂತ ಮೊದಲು 'ಮಗನಿಗೆ ಮದುವೆ ಆಗಿದ್ಯಾ?' ಎಂಬ ಪ್ರಶ್ನೆ ಏಳುತ್ತಿತ್ತು. ಅಕ್ಕ ಇದನ್ನೆಲ್ಲ ಕೇಳುತ್ತ, ದಿನದಿನಕ್ಕೆ ಮಾತು ಕಡಿಮೆ ಮಾಡಿದಳು.

ಮೇಷ್ಟ್ರು ಮಗನಿಗೆ ಹಸ್ತಾ ನಕ್ಷತ್ರದ ಹೆಣ್ಣು ತಂದರು, ಯಾರಿಗೂ ಕೇಡು ಬಗೆಯದ ನಕ್ಷತ್ರ. ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ದತ್ತ ಬೇರೆ, ಫಲ ಅದೇ. ಹಸ್ತಾ ನಕ್ಷತ್ರವನ್ನು ಯಾರೂ ಏನೂ ಅನ್ನಲಿಲ್ಲ, ಪಾಪ, ಅದರ ಹೆಸರಿನಲ್ಲಿ ಪ್ರಮೇಯವೇ ಇರಲಿಲ್ಲ.

ಅಮ್ಮ, ನಾನು ಮಾತಾಡಿಸಿಕೊಂಡು ಬರಲು ಹೋದೆವು. ಮೇಷ್ಟ್ರ ಹೆಂಡತಿ ಅಮ್ಮನ ಕೈ ಹಿಡಿದು, 'ನಿಮ್ಮ ಸರೋಜನ್ನ ತಂದ್ಕೊಂಡಿದ್ರೆ, ಇವರು ಯಾಕೆ ಹೋದ್ರು ಅಂತಾನಾದ್ರೂ ಗೊತ್ತಾಗ್ತಿತ್ತು' ಎಂದು ಅತ್ತರು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಅವರ ಮುಖ ನೋಡಿ ಒಳಗಿಂದ ನೀರು ತಂದುಕೊಟ್ಟೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಮೊದಲು ಮೇಷ್ಟ್ರಿಗಾಗಿ ಕಣ್ಣೊರೆಸಿಕೊಂಡಳು. ಆಮೇಲೆ, ಎಷ್ಟೋ ತಿಂಗಳಿಂದ ಕೇಳದಿದ್ದ ತನ್ನ ಹಳೆಯ ಗಟ್ಟಿ ದನಿಯಲ್ಲಿ ಅಂದಳು: 'ನಾನು ಹೋಗಿದ್ರೂ ಅವರು ಸಾಯ್ತಿದ್ರು ಕಣೇ. ಆಗ ಕೊಂದೋಳು ನಾನಾಗಿರ್ತಿದ್ದೆ.'