ಬಾಗಿಲು ಬಡಿಯದ ಆರ್ವಿಡ್

ಅಮೆರಿಕದ ದಕೋಟಾ ಬಯಲಿನಲ್ಲಿ ಫೆಸೆಂಟ್ ಎಂಬ ಕಾಡುಕೋಳಿಯ ಬೇಟೆಗೆ ಕಡೆಯ ವಾರ ಬಂತೆಂದರೆ, ಆರ್ವಿಡ್ ತನ್ನ ಟ್ರಕ್ಕಿನ ಬಾಗಿಲನ್ನು ತೊಟ್ಟಿಲಲ್ಲಿ ಮಗು ಮಲಗಿಸಿದವನ ಹಾಗೆ ಮೆಲ್ಲಗೆ ಒರಗಿಸುತ್ತಾನೆಯೇ ಹೊರತು ಮುಚ್ಚುವುದಿಲ್ಲ. ಜೊತೆಗಾರ ಡೆಲ್ಮರ್ ಕೆಮ್ಮಿದರೂ ತಪ್ಪು, ಅವನ ಬೂಟಿನಡಿ ಹಿಮ ಕಿರುಗುಟ್ಟಿದರೂ ತಪ್ಪು. "ಮೆಲ್ಲಗೆ ಕಣೋ! ಪೆದ್ದ ಹುಂಜಗಳೆಲ್ಲ ಅಕ್ಟೋಬರ್‌ನಲ್ಲೇ ಸಾರಾದ್ವು. ಈಗ ಉಳಿದಿರೋವು ಏಳು ಕೆರೆ ನೀರು ಕುಡಿದೋವು!" ಮೂಗು ಮರಗಟ್ಟುವ ಆ ಚಳಿಯಲ್ಲಿ ನಾಯಿಗೂ ಕಣ್ಸನ್ನೆಯಲ್ಲೇ ಅಪ್ಪಣೆ, ಬುತ್ತಿಯ ಬ್ರೆಡ್ಡು ಕೂಡ, ಕಾಗದ ಸದ್ದು ಮಾಡೀತೆಂದು, ಬಟ್ಟೆಯಲ್ಲೇ ಸುತ್ತಿರಬೇಕು. ಒಂದು ಕಾಲಕ್ಕೆ ಊರಿನ ಗಂಡಸರೆಲ್ಲ ಸಾಲುಗಟ್ಟಿ, ಹುಂಜಗಳು ಅಡಗುವ ಈ ಜೊಂಡನ್ನು ಜಾಲಾಡುತ್ತಿದ್ದರು, ಅಷ್ಟೂ ಜನ ಇವನ ಕೈಲಿ ಬೈಸಿಕೊಳ್ಳುತ್ತಿದ್ದರು. ಈಗ ಬೈಸಿಕೊಳ್ಳಲು ಉಳಿದವನು ಡೆಲ್ಮರ್ ಒಬ್ಬನೇ. ಆದರೆ ಬೇಟೆಯ ಕಟ್ಟಕಡೆಯ ದಿನ, ಹೊತ್ತಿಳಿಯುವಾಗ, ಡೆಲ್ಮರ್ ಬಂದೂಕು ಹಿಡಿದು ಜೊಂಡಿನತ್ತ ಹೆಜ್ಜೆ ಇಡುತ್ತಿದ್ದಂತೆ ಅವನ ಬೆನ್ನ ಹಿಂದೆ ಟ್ರಕ್ಕಿನ ಬಾಗಿಲು ಧಡಾರೆಂದು ಬಡಿಯುತ್ತದೆ. ಕತ್ತಿನ ಬಿಳಿ ಪಟ್ಟಿ ಮಿನುಗಿಸುತ್ತ ಹುಂಜಗಳೆಲ್ಲ ಗುಂಡಿಗೆ ಎಟುಕದಷ್ಟು ದೂರದಲ್ಲೇ ಭರ್ರೆಂದು ಎದ್ದು ಹಾರಿಹೋಗುತ್ತವೆ. "ಥೂ, ಕೈ ಜಾರ್ತು ನೋಡು," ಎನ್ನುತ್ತಾನೆ ಆರ್ವಿಡ್, ಟೋಪಿ ತೆಗೆದು, ಅವು ಕಣ್ಮರೆಯಾಗುವವರೆಗೂ ನೋಡುತ್ತ. ಆ ಕೈ ಪ್ರತಿ ವರ್ಷವೂ ಅದೇ ದಿನವೇ ಜಾರುತ್ತದೆ. ಡೆಲ್ಮರ್ ಆ ದಿನ ಬಂದೂಕಿಗೆ ಗುಂಡು ತುಂಬುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.