ಮಾವನ ಹೆಬ್ಬೆರಳಿನ ಪರೀಕ್ಷೆ

ನನ್ನಿಂದ ಏನೂ ಆಗುವುದಿಲ್ಲವೆಂದು ಮೊಟ್ಟಮೊದಲು ಘೋಷಿಸಿದವರು ನನ್ನ ಸೋದರಮಾವ ಮಾಳಪ್ಪ. ಅವರಿಗೊಂದು ಚಟ. ಜೀವವಿರುವುದು ಯಾವುದು ಕೈಗೆ ಸಿಕ್ಕರೂ ಬೆನ್ನುಹುರಿಯ ಇಕ್ಕೆಲದಲ್ಲಿ ಹೆಬ್ಬೆರಳು ಒತ್ತಿ, ಮಾಂಸ ಎಷ್ಟಿದೆಯೆಂದು ನೋಡಿಬಿಡುತ್ತಾರೆ. ಕುರಿಗೆ ಒತ್ತುವುದು ಸರಿ, ಸಂತೆಯಲ್ಲಿ ಎಲ್ಲರೂ ಒತ್ತುತ್ತಾರೆ; ಇವರು ಕನ್ಯೆ ನೋಡಲು ಬಂದ ವರನನ್ನೂ ಅಪ್ಪಿಕೊಳ್ಳುವ ನೆಪದಲ್ಲಿ ಒತ್ತಿ ನೋಡಿದವರು. ನನಗೆ ಆರು ವರ್ಷವಾದಾಗ ನನ್ನ ಬೆನ್ನಿನ ಸರದಿ ಬಂತು. ಒತ್ತಿದರು, ಮುಖ ಸಿಂಡರಿಸಿದರು, ಅಪ್ಪನಿಗೆ ತೀರ್ಪು ಕೊಟ್ಟರು: "ಭಾವಾ, ಇದ್ರಾಗ ಏನಿಲ್ಲ. ಹಿಂಡಿನ ಹಿಂದ ಒಂದು ಹರದಾರಿನೂ ನಡಿಯಂಗಿಲ್ಲ. ಶಾಲಿಗೆ ಕಳಸ್ರಿ."

ಹೀಗೆ ಗಟ್ಟಿಮುಟ್ಟಾದ ಅಣ್ಣಂದಿರು ಹಿಂಡಿನ ಹಿಂದೆ ಹೋದರು, ಉಳಿದ ನಾನು ಸರಸ್ವತಿಯ ಪಾಲಿಗೆ ಬಂದೆ. ದೇವದುರ್ಗ ತಾಲೂಕಿನ ನಮ್ಮ ಹಟ್ಟಿಯಿಂದ ರಾಯಚೂರಿನ ಕಾಲೇಜಿಗೆ ಹೋಗಿ, ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕುತ್ತ, ರಜೆಯಲ್ಲಿ ಹತ್ತಿ ಮೂಟೆ ಹೊರುತ್ತ, ಇಂಗ್ಲಿಷ್ ಪರೀಕ್ಷೆಯನ್ನು ಮೂರು ಸಲ ಬರೆದು ಬಿ.ಎ. ಮುಗಿಸಿದೆ, ಮೂರನೆಯ ಸಲ ಆ ಪ್ರಶ್ನೆಪತ್ರಿಕೆಗೇ ನನ್ನ ಮೇಲೆ ಕರುಣೆ ಹುಟ್ಟಿರಬೇಕು. ಪದವಿಯ ಸರ್ಟಿಫಿಕೇಟನ್ನು ಕಿಟಕಿಯ ಸಂದಿನಿಂದ ಒಂದು ಕೈ ಹೊರಚಾಚಿ ಕೊಟ್ಟಿತು. ಆ ಕೈಯ ಮುಖ ನಾನು ಕಾಣಲಿಲ್ಲ. ಆದರೂ, ಕಾಗದಪತ್ರಕ್ಕೆ ಹೆಬ್ಬೆಟ್ಟೊತ್ತದ ನಮ್ಮ ವಂಶದ ಮೊದಲ ಗಂಡಸು ನಾನೆಂಬ ಹೆಮ್ಮೆಯಿಂದ ಎದೆಯುಬ್ಬಿಸಿ ಊರಿಗೆ ಬಂದರೆ, ಅಲ್ಲಿ ನನಗಾಗಿ ಕಾದಿದ್ದ ಉದ್ಯೋಗ ಕುರಿ ಕಾಯುವುದು.

ನಮ್ಮ ಸೀಮೆಯ ಕೆಂಗುರಿಯನ್ನು ನೀವು ನೋಡಿರಬಹುದು. ಕಲ್ಲು ಹಂಚಿನಂತೆ ಕಾಯುವ ಬಿಸಿಲಿನಲ್ಲೂ ಜಾಲಿಕಾಯಿ ಮೆಲ್ಲುತ್ತ ಮೈತುಂಬಿಕೊಳ್ಳುವ ಸ್ಥಿತಪ್ರಜ್ಞ ಪ್ರಾಣಿ. ಇಂಥ ಕುಲದಲ್ಲಿ ಹುಟ್ಟಿಯೂ ನಮ್ಮ ಹಿಂಡಿನ ಮರಿಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದವು. ಕಾರಣ ತಿಳಿಯಲು ಪದವಿ ಬೇಕಿರಲಿಲ್ಲ, ಒಂದು ದಿನ ಹಟ್ಟಿಯ ಬಾಗಿಲಲ್ಲಿ ನಿಂತರೆ ಸಾಕಿತ್ತು. ರಾಯಚೂರಿನ ವ್ಯಾಪಾರಿ ಮೌಲಾಸಾಬ್ ಬಂದು, ಎಲ್ಲಕ್ಕಿಂತ ಚೆನ್ನಾಗಿ ಬೆಳೆದ ಗಂಡುಮರಿಗಳನ್ನು ಆರಿಸಿ ಒಯ್ಯುತ್ತಿದ್ದ. ಅವನು ಒಲ್ಲೆನೆಂದು ಬಿಟ್ಟ ಬಡಕಲು ಮರಿ ಹಿಂಡಿನಲ್ಲೇ ಉಳಿದು, ಟಗರಾಗಿ, ಮುಂದಿನ ವರ್ಷದ ಅಷ್ಟೂ ಮರಿಗಳಿಗೆ ಪಿತೃಸ್ಥಾನ ಅಲಂಕರಿಸುತ್ತಿತ್ತು. ಅದೂ ತನ್ನ ಅಕ್ಕತಂಗಿಯರನ್ನೇ ಕಟ್ಟಿಕೊಂಡು! ಒಂದೇ ಬೆಡಗಿನವರು ಒಡಹುಟ್ಟಿದವರ ಸಮಾನವೆಂದು, ಮದುವೆಯ ಮಾತಿಗೆ ಮುನ್ನ ನಾಲ್ಕೂರಿನಲ್ಲಿ ಬೆಡಗು ವಿಚಾರಿಸುವ ನಮ್ಮ ಮಾವ, ಟಗರಿನ ಬೆಡಗನ್ನು ಒಂದು ದಿನವೂ ಕೇಳಿದವರಲ್ಲ.

ಆ ವರ್ಷ ನಮ್ಮಲ್ಲೊಂದು ಅಪರೂಪದ ಗಂಡುಮರಿ ಬೆಳೆದಿತ್ತು. ಅದನ್ನು ಮಾರುವುದು ಬೇಡ, ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನ ನನ್ನ ಹಾಸ್ಟೆಲ್ ಗೆಳೆಯನ ಹಿಂಡಿನ ಅತ್ಯುತ್ತಮ ಮರಿಯೊಡನೆ ಅದಲುಬದಲು ಮಾಡಿಕೊಳ್ಳೋಣ, ಬಡಕಲುಗಳನ್ನು ಮಾರೋಣ ಎಂದೆ.

"ಮಾರೋದನ್ನ ಇಟಗೊಂಡು ಇಟಗೊಳ್ಳೋದನ್ನ ಮಾರ್ತೀಯೇನಲೇ? ಇದನ್ನ ಕಲಿಯಾಕ ಮೂರು ಸಲ ಪರೀಕ್ಷಾ ಬರದಿ?" ಎಂದರು ಮಾವ.

ಮೌಲಾಸಾಬನೂ ಬಿಡಲಿಲ್ಲ. "ಯಪ್ಪಾ, ಚಲೋ ಮರಿ ನೀವ ಇಟಗೊಂಡ್ರ ನಾ ಏನು ಒಯ್ಯಲಿ, ನಿನ್ನ ಸರ್ಟಿಫಿಕೇಟು?"

ಕುರಿಗಳು ಅಪ್ಪನವಾದರೂ ಮಾತು ಮಾವನದು. ಕೊನೆಗೆ ಅವರೇ ಷರತ್ತು ಹಾಕಿದರು: "ಒಂದು ಸಲ ನೋಡ್ತೀನಿ. ಮರಿ ಹೊಲ್ಲ ಬಂದ್ವೋ, ಟಗರು ಮೌಲಾಸಾಬಗ, ನೀ ಯಾವದರ ಕಿರಾಣಿ ಅಂಗಡ್ಯಾಗ ಪೊಟ್ಟಣ ಕಟ್ಟಾಕ."

ಮರಿಯನ್ನು ಕಾಲಸಂದಿನಲ್ಲಿ ಹಿಡಿದುಕೊಂಡು ಮಾನ್ವಿಯ ಬಸ್ಸಿನಲ್ಲಿ ಕೂತೆ. ಕಾಲುವೆ ನೀರಿನ ಹಸಿರು ಭತ್ತ ಕಂಡದ್ದೇ ತಡ, ಒಣಭೂಮಿಯ ಆ ಬಡಪಾಯಿ ಇಡೀ ಬಸ್ಸಿಗೆ ಕೇಳುವಂತೆ ಒದರತೊಡಗಿತು. ಕಂಡಕ್ಟರು ಇಬ್ಬರಿಗೂ ಟಿಕೆಟ್ ಹರಿದ. ಮರಳುವಾಗ ಜೊತೆಗೆ ಬಂದ ಹೊಸ ಟಗರಿಗೆ ನಮ್ಮ ಹಟ್ಟಿಯ ಹೆಂಗಸರು 'ಅಳಿಯ' ಎಂದು ಹೆಸರಿಟ್ಟರು. ಪರವೂರಿನದು, ಕೆಲಸವಿಲ್ಲದೆ ತಿನ್ನುವುದು, ಮಾವನೊಡನೆ ಮಾತಿಲ್ಲ. ಬೇರೆ ಯಾವ ಹೆಸರು ಹೊಂದೀತು, ನೀವೇ ಹೇಳಿ.

ಮರಿಗಳು ಹುಟ್ಟಿದ ಮೇಲೆ ನನ್ನ ನೆರವಿಗೆ ನಿಂತವಳು ಮಾವನ ಮೊಮ್ಮಗಳು ರೇಣವ್ವ. ಹತ್ತನೆಯ ತರಗತಿಯನ್ನು, ನನ್ನ ಇಂಗ್ಲಿಷ್ ಪರೀಕ್ಷೆಯಂತೆ ದಂಡಯಾತ್ರೆ ಮಾಡದೆ, ಒಂದೇ ಏಟಿಗೆ ಗೆದ್ದವಳು. ಯಾವ ಮರಿ ಯಾವ ಕುರಿಯದೆಂದು ಕೂಗಿನಲ್ಲೇ ಗುರುತಿಸುತ್ತಾಳೆ. ಇಷ್ಟು ಉಪಯೋಗಕ್ಕೆ ಬರುವವಳನ್ನು ಯಾರಾದರೂ ಕಾಲೇಜಿಗೆ ಕಳಿಸುತ್ತಾರೆಯೇ ಎಂಬುದು ಮಾವನ ವಾದ. ಬೇವಿನ ಕೊಂಬೆಗೆ ತೂಕದ ಕಾಟಾ ಕಟ್ಟಿ, ಚೀಲದಲ್ಲಿ ಮರಿ ಕೂರಿಸಿ ನಾನು ತೂಗಿದರೆ, ಅವಳು ನನ್ನ ಇತಿಹಾಸದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದಳು. ರಾಜವಂಶಗಳ ಮಗ್ಗುಲಿಗೇ ಟಗರುವಂಶ ಬೆಳೆಯಿತು.

ಮೂರು ತಿಂಗಳಾದ ಮೇಲೆ ಮೌಲಾಸಾಬ್ ಬಂದ. ಒಂದು ಮರಿಯನ್ನು ಎತ್ತಿ, ತಟ್ಟನೆ ಕೆಳಗಿಟ್ಟು, ತನ್ನ ಸೊಂಟ ಹಿಡಿದುಕೊಂಡು, "ಅರೇ, ಇದು ಯಾರ ಮಗನಪಾ?" ಎಂದ. ಮಾವನ ಹೆಬ್ಬೆರಳು ಒಂದೊಂದು ಬೆನ್ನಿನ ಮೇಲೂ ಎರಡೆರಡು ಸಲ ಇಳಿಯಿತು. ಮರುದಿನದಿಂದ ಅಳಿಯನಿಗೆ ಹುರುಳಿ ಮಾವನ ಕೈಯಿಂದಲೇ.

ಹೋದ ತಿಂಗಳು ದೇವದುರ್ಗದ ಕುರಿ ಪ್ರದರ್ಶನದಲ್ಲಿ ಅಳಿಯನಿಗೆ ಮೊದಲ ಬಹುಮಾನ ಬಂತು. ಈ ಸಲ ಸರ್ಟಿಫಿಕೇಟು ಕೊಟ್ಟ ಕೈಗೆ ಮುಖವೂ ಇತ್ತು, ಮುಖದಲ್ಲಿ ನಗೆಯೂ ಇತ್ತು. ನನ್ನ ಹೆಸರಿನ ಮುಂದೆ ಬಿ.ಎ. ಎಂದು ನಾನೇ ಹಟ ಹಿಡಿದು ಬರೆಸಿದ್ದೆ. ವೇದಿಕೆಯಿಂದ ಕೆಳಗಿಳಿದವನೇ ಅದನ್ನು ಮಾವನ ಕೈಗಿಟ್ಟೆ. ಓದಲು ಬಾರದ ಅವರು ಕಾಗದವನ್ನು ಎರಡು ಬೆರಳಿನ ನಡುವೆ ಹಿಡಿದು ಒತ್ತಿದರು. "ಇದ್ರಾಗ ಏನಿಲ್ಲ" ಎಂದರು. ಆಮೇಲೆ ಆ ಕೈ ನನ್ನ ಬೆನ್ನಿಗೆ ಬಂತು. ಒತ್ತಿತು, ಅಲ್ಲೇ ನಿಂತಿತು. ಅವರ ಕಣ್ಣು ಮಾತ್ರ ಟಗರಿನ ಹಗ್ಗ ಹಿಡಿದು ನಿಂತಿದ್ದ ರೇಣವ್ವನ ಮೇಲಿತ್ತು.

"ಉಳಿದದ್ದನ್ನ ಶಾಲಿಗೆ ಅಟ್ಟಿದ್ದಕ್ಕ ಇಷ್ಟಾತು," ಎಂದರು. "ಈ ವರ್ಷ ರೇಣವ್ವನ್ನ ಕಾಲೇಜಿಗೆ ಹಾಕ್ತೀನಿ ಲೇ. ಒಂದು ಸಲಾರ ಚಲೋದನ್ನ ಕಳಿಸಿ ನೋಡೂಣು."